ರೋಹಿಣಿ ಮಳೆಗೆ ಮುನ್ನ ಬಾದಾಮಿ: ನೆರಳಿನ ಲೆಕ್ಕ ಹಾಕಿಕೊಂಡು ಹೊರಡುವವರಿಗೆ

ಪದವಿಯ ಕೊನೆಯ ಪರೀಕ್ಷೆ ಮುಗಿದು ಫಲಿತಾಂಶ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಮಾವಿನಹಣ್ಣಿನ ಬುಟ್ಟಿಯೂ ಅಮ್ಮನ ತಾಳ್ಮೆಯೂ ಒಟ್ಟಿಗೇ ತಳ ಕಂಡಿದ್ದವು. ಮೇ ತಿಂಗಳ ಅಂಥ ಕೊನೆಯ ವಾರದಲ್ಲಿ ನಾನು ಮತ್ತು ನನ್ನ ತಮ್ಮ ಬಾದಾಮಿಗೆ ಹೊರಟೆವು. ‘ಈ ಬಿಸಿಲಿನಲ್ಲಿ ಬಾದಾಮಿಯೇ?’ ಎಂದು ಕೇಳದವರು ನಮ್ಮ ಬಳಗದಲ್ಲಿ ಯಾರೂ ಉಳಿಯಲಿಲ್ಲ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಕಲ್ಲುಬಂಡೆಗಳ ಆ ಊರಿನಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮತ್ತು ಹೋಗಲು ಒಳ್ಳೆಯ ಕಾಲ ಚಳಿಗಾಲವೇ. ಆದರೆ ರಜೆ ಎಂಬುದು ಹವಾಮಾನವನ್ನು ವಿಚಾರಿಸಿಕೊಂಡು ಬರುವುದಿಲ್ಲ. ನಮ್ಮಂತೆಯೇ ಬೇಸಿಗೆಯ ತುದಿಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಬೇಕೆಂದಿರುವವರಿಗೆ ಹೇಳಬೇಕಾದದ್ದು ಒಂದೇ: ನೋಡಬೇಕಾದ ಜಾಗಗಳ ಪಟ್ಟಿಯ ಬದಲು ನೆರಳು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಇದನ್ನು ನಾವು ಎರಡನೆಯ ದಿನ ಅಂಗಾಲು ಸುಟ್ಟುಕೊಂಡು ಕಲಿತೆವು.

ಬೆಂಗಳೂರಿನ ಕಡೆಯಿಂದ ಬರುವವರಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ. ಬಾದಾಮಿ ನಿಲ್ದಾಣವು ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ ಎಂಬುದನ್ನು ಮಾತ್ರ ಮರೆಯಬೇಡಿ. ‘ಇಳಿದು ನಡೆದೇ ಹೋಗೋಣ’ ಎಂಬ ನನ್ನ ತಮ್ಮನ ಉತ್ಸಾಹ ನಿಲ್ದಾಣದ ಹೊರಗಿನ ಮೊದಲ ತಿರುವಿನಲ್ಲಿಯೇ ಇಳಿದುಹೋಗಿ, ನಾವು ಆಟೋ ಹತ್ತಿದೆವು. ವಸತಿಯನ್ನು ಬಸ್ ನಿಲ್ದಾಣದ ಹತ್ತಿರ ಹಿಡಿದರೆ ಗುಹೆಗಳೂ ಕೆರೆಯೂ ನಡೆಯುವ ದೂರದಲ್ಲಿರುತ್ತವೆ. ಮಧ್ಯಾಹ್ನದ ಮೂರು ಗಂಟೆಗಳನ್ನು ಕೋಣೆಯಲ್ಲಿಯೇ ಕಳೆಯಬೇಕಾಗಿರುವುದರಿಂದ, ಈ ಕಾಲದಲ್ಲಿ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳುವುದು ಅತಿಯಾದ ಎಚ್ಚರಿಕೆಯೇನಲ್ಲ. ನಮ್ಮದು ಪಶ್ಚಿಮಕ್ಕಿತ್ತು.

ಮೊದಲ ದಿನ ಬೆಳಿಗ್ಗೆ, ಟಿಕೆಟ್ ಕೊಡಲು ತೊಡಗಿದ ಕೂಡಲೇ ಗುಹೆಗಳಿಗೆ ಹೋದೆವು. ನೀವೂ ಹಾಗೆಯೇ ಮಾಡಿ. ಮೆಟ್ಟಿಲುಗಳು ಎತ್ತರ, ಆದರೆ ಒಂದೊಂದು ಗುಹೆಯೂ ದಣಿವಾರಿಸಿಕೊಳ್ಳುವ ಪಡಸಾಲೆಯಂತೆ ಸಿಗುತ್ತದೆ. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ. ಎಡದ ಒಂಬತ್ತು ಕೈಗಳನ್ನು ಬಲದ ಒಂಬತ್ತರೊಡನೆ ಜೋಡಿಸಿದರೆ ಎಂಬತ್ತೊಂದು ಭಂಗಿಗಳಾಗುತ್ತವೆ ಎಂದು ಅಲ್ಲಿನ ಮಾರ್ಗದರ್ಶಿಗಳು ವಿವರಿಸುತ್ತಾರೆ; ತಮ್ಮ ಅವುಗಳಲ್ಲಿ ನಾಲ್ಕನ್ನು ಮಾಡಿ ತೋರಿಸಿ, ಐದನೆಯದಕ್ಕೆ ಸೊಂಟ ಹಿಡಿದುಕೊಂಡು ಕುಳಿತ. ಮೂರನೆಯ ಗುಹೆಗೆ ಬಂದಾಗ ಅವಸರ ಬಿಡಿ. ನಾಲ್ಕರಲ್ಲಿ ಇದೇ ದೊಡ್ಡದು. ಆದಿಶೇಷನ ಮೇಲೆ ಕುಳಿತ ವಿಷ್ಣು, ಕಾಲನ್ನು ಆಕಾಶದೆತ್ತರಕ್ಕೆ ಚಾಚಿದ ತ್ರಿವಿಕ್ರಮ, ಕಂಬಗಳ ನೆತ್ತಿಯಲ್ಲಿ ತಮ್ಮ ಪಾಡಿಗೆ ತಾವಿರುವ ದಂಪತಿಗಳು, ಎಲ್ಲವೂ ಇಲ್ಲಿವೆ. ಕಲ್ಲಿನೊಳಗಿನ ಕೆಂಪು ಮತ್ತು ಹಳದಿ ಪಟ್ಟೆಗಳು ಕಂಬಗಳ ಮೇಲೆ ಸೀರೆಯ ನೆರಿಗೆಯಂತೆ ಹರಿದಿರುವುದನ್ನು ನೋಡಲು ಬೆಳಗಿನ ಓರೆ ಬೆಳಕೇ ಸರಿ.

ಈ ಗುಹೆಯಲ್ಲಿ 578ರ ಶಾಸನವಿದೆ. ಚಾಲುಕ್ಯ ದೊರೆಯಾಗಿದ್ದ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಈ ಗುಹೆಯನ್ನು ಮಾಡಿಸಿದ ಮಂಗಲೇಶ, ಅದರ ಪುಣ್ಯಫಲವನ್ನು ಅಣ್ಣನಿಗೇ ಅರ್ಪಿಸಿದ್ದಾನೆ. ಒಡಹುಟ್ಟಿದವರಲ್ಲಿ ಕಿರಿಯರಾದವರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೇ ಎಂದು ನಾನು ತಮ್ಮನಿಗೆ ಸ್ವಲ್ಪ ಹೊತ್ತು ಬೋಧಿಸಿದೆ. ಅವನು ಉತ್ತರ ಕೊಡಲಿಲ್ಲ, ಏಕೆಂದರೆ ಅದೇ ಗಳಿಗೆಯಲ್ಲಿ ಅವನ ಕೈಯಲ್ಲಿದ್ದ ನೀರಿನ ಬಾಟಲಿ ಕೋತಿಯ ಕೈ ಸೇರಿತ್ತು. ಅದು ಬಾಟಲಿಯನ್ನು ಕಸಿದು ಓಡಿಹೋಗಲಿಲ್ಲ. ಎರಡು ಮಾರು ದೂರದಲ್ಲಿ ಕುಳಿತು, ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ಬಿಡಿಸಿ, ಬಾಟಲಿಯನ್ನು ವಾಲಿಸಿ, ಕೆಳಗೆ ಹರಿದ ನೀರನ್ನು ಬಗ್ಗಿ ಕುಡಿದು, ನಮ್ಮನ್ನೊಮ್ಮೆ ನೋಡಿತು. ಕಪಿಮುಷ್ಟಿ ಎಂಬ ಪದದ ಅರ್ಥವನ್ನು ನಾನು ಅಂದೇ ಸರಿಯಾಗಿ ತಿಳಿದದ್ದು. ಗುಹೆಗಳ ಬಳಿ ಕೈಯಲ್ಲಿ ಏನನ್ನೂ ಹಿಡಿಯಬೇಡಿ. ಪ್ಲಾಸ್ಟಿಕ್ ಚೀಲದ ಸದ್ದು ಮಾಡಬೇಡಿ. ನೀರು ಮತ್ತು ತಿಂಡಿ ಜಿಪ್ ಹಾಕಿದ ಬೆನ್ನುಚೀಲದಲ್ಲಿಯೇ ಇರಲಿ. ಮೊಬೈಲಿಗೂ ಇದೇ ಮಾತು ಅನ್ವಯಿಸುತ್ತದೆ.

ನಾಲ್ಕನೆಯ ಜೈನ ಗುಹೆ ಚಿಕ್ಕದು, ತಂಪು, ಮತ್ತು ಅಲ್ಲಿಂದ ಕೆಳಗಿನ ಅಗಸ್ತ್ಯ ತೀರ್ಥ ಪೂರ್ತಿಯಾಗಿ ಕಾಣುತ್ತದೆ. ಬೇಸಿಗೆಯ ಕೊನೆಯಲ್ಲಿ ಕೆರೆಯ ನೀರು ತಗ್ಗಿ ಹಸಿರಾಗಿರುತ್ತದೆ, ಮೆಟ್ಟಿಲುಗಳು ಒಂದರ ಕೆಳಗೊಂದು ಹೊರಬಿದ್ದಿರುತ್ತವೆ. ಅಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿಯುವುದು ಮೊದಲು ಕಣ್ಣಿಗೆ ಕಾಣಿಸಿ, ಅದು ಮತ್ತೆ ಮೇಲೆ ಎದ್ದಾಗ ಸದ್ದು ನಮ್ಮ ಕಿವಿಗೆ ಬರುತ್ತಿತ್ತು. ಆ ಸದ್ದೇ ಎದುರಿನ ಬಂಡೆಗೆ ತಾಗಿ ಮತ್ತೊಮ್ಮೆ ಕೇಳಿಸುತ್ತಿತ್ತು. ಆ ಗುಹೆಯ ಅಂಚಿನಲ್ಲಿ ಕುಳಿತು ಇದನ್ನೇ ಅರ್ಧ ಗಂಟೆ ನೋಡಿದೆವು.

ಅಲ್ಲಿಂದಿಳಿದು ಕೆರೆಯ ಆಚೆಗಿನ ವಸ್ತುಸಂಗ್ರಹಾಲಯಕ್ಕೆ ಹೋದರೆ ಬೀಗ. ಅಂದು ಶುಕ್ರವಾರ; ಪುರಾತತ್ವ ಸರ್ವೇಕ್ಷಣ ಇಲಾಖೆಯ ಇಂಥ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರವೇ ವಾರದ ರಜೆ. ಮೊದಲೇ ವಿಚಾರಿಸದೆ ಹೋದದ್ದು ನಮ್ಮದೇ ತಪ್ಪಾದ್ದರಿಂದ ಯಾರನ್ನೂ ದೂರಲಾಗಲಿಲ್ಲ, ಅದೊಂದು ಬೇಸರ ಉಳಿಯಿತು.

ಸಂಜೆ ಐದರ ನಂತರ ಕೆರೆಯ ಪೂರ್ವದ ದಂಡೆಗೆ, ಭೂತನಾಥ ದೇವಾಲಯದ ಕಡೆಗೆ ನಡೆಯಿರಿ. ಇಳಿಬಿಸಿಲು ನೇರವಾಗಿ ಅಲ್ಲಿನ ಬಂಡೆಗಳ ಮೇಲೆ ಬೀಳುವ ಹೊತ್ತು ಅದು. ಬಂಡೆಗಳ ಬಣ್ಣ ಹತ್ತು ನಿಮಿಷಕ್ಕೊಮ್ಮೆ ಬೇರೆಯಾಗುತ್ತದೆ. ಕೆರೆಯ ಈಶಾನ್ಯಕ್ಕಿರುವ ಬಂಡೆಯ ಮೇಲೆ ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲನ್ನು ಶಾಲೆಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆವು. ತ್ರಿಪದಿಯ ಬಹಳ ಹಳೆಯ ಉದಾಹರಣೆ ಅದು ಎಂಬುದೂ ಗೊತ್ತಿತ್ತು. ಆದರೆ ಅಕ್ಷರಗಳು ಅಷ್ಟು ದೊಡ್ಡದಾಗಿ, ಅಷ್ಟು ಹಾಯಾಗಿ ಬಂಡೆಯ ಮೇಲೆ ಕುಳಿತಿರುತ್ತವೆ ಎಂದು ಯಾವ ಪ್ರಶ್ನೆಪತ್ರಿಕೆಯೂ ತಿಳಿಸಿರಲಿಲ್ಲ.

ಈಗ ಎರಡನೆಯ ದಿನದ ವಿಚಾರ. ಮಹಾಕೂಟ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಆಟೋ ಅಥವಾ ಕಾರಿನಲ್ಲಿ ನೋಡಿ ಬರಬಹುದು. ಬಸ್ಸುಗಳಿವೆ, ಆದರೆ ಬಿಸಿಲಿನಲ್ಲಿ ಬಸ್ಸಿಗೆ ಕಾಯುವ ಶಕ್ತಿಯನ್ನು ದೇವಾಲಯಗಳಿಗಾಗಿ ಉಳಿಸಿಕೊಳ್ಳುವುದೇ ಜಾಣತನ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಐಹೊಳೆ ಅಲ್ಲಿಂದ ಮುಂದೆ ಹದಿಮೂರು ಹದಿನಾಲ್ಕು ಕಿ.ಮೀ. ನಮ್ಮ ಆಟೋದ ಹಿರಿಯ ಚಾಲಕರು ಬೆಳಗ್ಗೆಯೇ ಹೇಳಿದ್ದರು: ‘ಅಕ್ಕಾವ್ರ, ಮೊದಲ ಐಹೊಳಿಗೆ ಹೋಗೂಣು. ಬಿಸಲ ಏರಿದ ಮ್ಯಾಲ ಮಹಾಕೂಟದಾಗ ನೀರಿನ್ಯಾಗ ಕುಂದ್ರೀರಂತ.’ ನಕಾಶೆಯಲ್ಲಿ ಹತ್ತಿರದ್ದು ಮೊದಲು, ದೂರದ್ದು ಕೊನೆಗೆ ಎಂಬುದು ನಮಗೆ ಹೆಚ್ಚು ತರ್ಕಬದ್ಧವಾಗಿ ಕಂಡಿತು. ಅವರು ‘ಆತ್ ಬಿಡ್ರಿ’ ಎಂದು ಕೀಲಿ ತಿರುಗಿಸಿದರು.

ಹೀಗಾಗಿ ಬಿಸಿಲೇ ಇಲ್ಲದ ಬೆಳಗಿನ ಹೊತ್ತನ್ನು, ದೊಡ್ಡ ದೊಡ್ಡ ಆಲದ ಮರಗಳು ಮತ್ತು ಸಹಜ ಬುಗ್ಗೆಯಿಂದ ತುಂಬುವ ಪುಷ್ಕರಣಿಯಿರುವ ಮಹಾಕೂಟದಲ್ಲಿ ಕಳೆದುಬಿಟ್ಟೆವು. ಹುಡುಗರು ಕೊಳದ ದಂಡೆಯಿಂದ ಧುಮುಕುತ್ತಿದ್ದರು. ನಮಗೆ ಆ ನೀರು ಆಗ ಚಳಿಯೆನಿಸಿತು. ಪಟ್ಟದಕಲ್ಲು ತಲುಪುವಾಗ ಹತ್ತು ದಾಟಿತ್ತು.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಇಲ್ಲಿ ಎಲ್ಲ ಗುಡಿಗಳನ್ನೂ ಸಮನಾಗಿ ನೋಡುವ ಪ್ರಯತ್ನವನ್ನು ಬೇಸಿಗೆಯಲ್ಲಿ ಕೈಬಿಡಿ. ವಿರೂಪಾಕ್ಷವನ್ನೂ ಅದರ ಪಕ್ಕದ ಮಲ್ಲಿಕಾರ್ಜುನವನ್ನೂ ಚೆನ್ನಾಗಿ ನೋಡಿ, ಉಳಿದವನ್ನು ಮರದ ನೆರಳಿನಿಂದ ಗುರುತಿಸಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷವನ್ನು ಕಟ್ಟಿಸಿದಳು. ಅದೇ ಗೆಲುವಿನ ನೆನಪಿಗೆ ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿ ಮಗ್ಗುಲಲ್ಲೇ, ಬಹುಮಟ್ಟಿಗೆ ಅದೇ ಮಾದರಿಯಲ್ಲಿ, ತುಸು ಚಿಕ್ಕದಾಗಿ ಇನ್ನೊಂದನ್ನು ಕಟ್ಟಿಸಿದಳು. ‘ಅಕ್ಕ ಮಾಡಿದ್ದನ್ನೇ ಮಾಡಬೇಕು, ಆದರೆ ಅಕ್ಕನಿಗಿಂತ ದೊಡ್ಡದು ಮಾಡಬಾರದು’ ಎಂದು ನಿನ್ನೆಯ ಬೋಧನೆಗೆ ತಮ್ಮ ಇಲ್ಲಿ ಸೇಡು ತೀರಿಸಿಕೊಂಡ.

ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆಯಾದ್ದರಿಂದ ಪಾದರಕ್ಷೆಗಳನ್ನು ಹೊರಗೆ ಬಿಡಬೇಕು, ಮತ್ತು ಹನ್ನೊಂದು ಗಂಟೆಯ ಹಾಸುಗಲ್ಲು ಕಾದ ಹಂಚೇ ಸರಿ. ತಮ್ಮ ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಕುಂಟೆಬಿಲ್ಲೆ ಆಡುವವನಂತೆ ಹಾರಿಕೊಂಡು ಹೋದ. ನಾನು ಗಾಂಭೀರ್ಯ ಕಾಪಾಡಿಕೊಳ್ಳಲು ನಿಧಾನವಾಗಿ ನಡೆದು ಅದರ ಬೆಲೆ ತೆತ್ತೆ. ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ನಿಮ್ಮ ಚೀಲದಲ್ಲಿರಲಿ. ಇಡೀ ಪ್ರವಾಸದಲ್ಲಿ ನಾನು ಕೊಡಬಹುದಾದ ಅತ್ಯಂತ ಉಪಯುಕ್ತ ಸಲಹೆ ಇದೇ ಎಂದು ಎರಡನೆಯ ಯೋಚನೆಯಿಲ್ಲದೆ ಹೇಳುತ್ತೇನೆ. ಒಳಗೆ ಹೋದರೆ ಬೇರೆಯೇ ಲೋಕ. ದಪ್ಪ ಗೋಡೆಗಳ ಒಳಗಿನ ಕತ್ತಲಲ್ಲಿ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು; ಆಮೇಲೆ ಕಂಬಗಳ ಮೇಲಿನ ರಾಮಾಯಣ, ಮಹಾಭಾರತಗಳ ಪಟ್ಟಿಕೆಗಳು, ಜಾಲಂಧ್ರಗಳಿಂದ ಬೀಳುವ ಬೆಳಕಿನಲ್ಲಿ ಒಂದೊಂದಾಗಿ ಮುಂದೆ ಬರುತ್ತವೆ. ಹನ್ನೊಂದರಿಂದ ಹನ್ನೆರಡರವರೆಗೆ ಇರಬೇಕಾದ ಜಾಗ ಇದು.

ನಾವಾದರೋ ಹನ್ನೊಂದೂವರೆಗೇ ಅಲ್ಲಿಂದ ಹೊರಟು, ಸರಿಯಾಗಿ ನಡುಮಧ್ಯಾಹ್ನಕ್ಕೆ ಐಹೊಳೆಯ ಮೇಗುತಿ ಗುಡ್ಡವನ್ನು ಹತ್ತಿದೆವು. ಬೆಟ್ಟದ ಮೇಲೆ ಮರವಿಲ್ಲ. ಈ ಅಕ್ಷಾಂಶದಲ್ಲಿ ಮೇ ಕೊನೆಯ ಸೂರ್ಯ ನಡುಹಗಲಿಗೆ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ. ಆದ್ದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದೂ ಹೆಚ್ಚೆಂದರೆ ಒಂದು ಮೊಳ. ಗುಡಿಯ ದಕ್ಷಿಣದ ಗೋಡೆಗೆ ಬೆನ್ನು ಅಂಟಿಸಿಕೊಂಡು, ಪಾದಗಳನ್ನು ಒಳಕ್ಕೆಳೆದುಕೊಂಡು, ಉಳಿದಿದ್ದ ಅರ್ಧ ಬಾಟಲಿ ನೀರನ್ನು ಮುಚ್ಚಳದ ಲೆಕ್ಕದಲ್ಲಿ ಹಂಚಿಕೊಂಡೆವು. ಇಲ್ಲಿಯ ಗೋಡೆಯಲ್ಲಿಯೇ 634ರ ರವಿಕೀರ್ತಿಯ ಶಾಸನವಿರುವುದು. ಹರ್ಷನನ್ನು ಸೋಲಿಸಿದ ಇಮ್ಮಡಿ ಪುಲಕೇಶಿಯ ಹೊಗಳಿಕೆ, ಕಾಳಿದಾಸ ಮತ್ತು ಭಾರವಿಯರ ಹೆಸರು, ಎಲ್ಲವೂ ಸಂಸ್ಕೃತದಲ್ಲಿ, ಹಳಗನ್ನಡ ಲಿಪಿಯಲ್ಲಿ. ಮೊಬೈಲಿನಲ್ಲಿ ಅದರ ಸಾರಾಂಶ ಓದುತ್ತಿದ್ದ ತಮ್ಮ ಒಮ್ಮೆಲೇ ಚುರುಕಾದ. ಗುಹೆಯ ಪುಣ್ಯವನ್ನು ಅಣ್ಣನಿಗೆ ಅರ್ಪಿಸಿದ ಅದೇ ಮಂಗಲೇಶ, ಮುಂದೆ ಅಣ್ಣನ ಮಗ ಪುಲಕೇಶಿಯನ್ನು ಬಿಟ್ಟು ತನ್ನ ಮಗನಿಗೇ ಪಟ್ಟ ಕಟ್ಟಲು ಹೊರಟು, ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಕಥೆ ಈ ಶಾಸನದಲ್ಲಿದೆ. ‘ನಿನ್ನೆ ಅರ್ಧ ಕಥೆ ಮಾತ್ರ ಹೇಳಿದೆಯಲ್ಲ ಅಕ್ಕಾ’ ಎಂದ. ವಾದಿಸಲು ನನ್ನ ಬಾಯಲ್ಲಿ ತೇವವಿರಲಿಲ್ಲ.

ಕೆಳಗಿಳಿದು ದುರ್ಗ ದೇವಾಲಯದ ಹೊರಸುತ್ತಿನ ಕಂಬಸಾಲಿನಲ್ಲಿ ಕುಳಿತಾಗ ಜೀವ ಬಂತು. ಆ ಹೆಸರು ಬಂದಿರುವುದು ದುರ್ಗೆಯಿಂದಲ್ಲ, ಹತ್ತಿರವಿದ್ದ ಕೋಟೆಯಿಂದ. ಹಿಂಭಾಗ ಅರ್ಧವೃತ್ತಾಕಾರದಲ್ಲಿರುವುದರಿಂದ ಅದರ ಸುತ್ತ ನೆರಳಿನಲ್ಲಿಯೇ ಒಂದು ಸುತ್ತು ಹಾಕಬಹುದು. ಹಾಗಾಗಿ ನನ್ನ ಶಿಫಾರಸು ಚಾಲಕರದ್ದೇ: ಆರು ಗಂಟೆಗೆ ಬಾದಾಮಿ ಬಿಟ್ಟು ಮೊದಲು ಮೇಗುತಿ, ಆಮೇಲೆ ಕೆಳಗಿನ ಗುಡಿಗಳು, ಹನ್ನೊಂದರ ಸುಮಾರಿಗೆ ಪಟ್ಟದಕಲ್ಲು, ಊಟವಾದ ಮೇಲೆ ಮಹಾಕೂಟದ ಮರಗಳು ಮತ್ತು ನೀರು. ಬದಲಿ ಬಟ್ಟೆ ಇಟ್ಟುಕೊಳ್ಳಿ. ತಲೆಗೆ ಮೂರು ಲೀಟರ್ ನೀರು ಹೆಚ್ಚೇನಲ್ಲ.

ಅಂದು ಸಂಜೆ ನಾಲ್ಕರ ಹೊತ್ತಿಗೆ ಗಾಳಿ ಎದ್ದು, ಕೆಂಪು ಧೂಳು ಊರಿಡೀ ಸುತ್ತಿ, ದಪ್ಪ ಹನಿಗಳು ಬಿದ್ದವು. ಮೇ 25ರ ಹೊತ್ತಿಗೆ ರೋಹಿಣಿ ಮಳೆಯ ನಕ್ಷತ್ರ ಹುಟ್ಟುತ್ತದೆ. ಆ ವಾರದಲ್ಲಿ ಹೋಗುವವರು ಕೊಡೆಯನ್ನು ಬಿಸಿಲಿಗೂ ಮಳೆಗೂ ಒಟ್ಟಿಗೇ ಒಯ್ಯಬಹುದು. ಮಳೆ ಬಂದರೆ ಮೆಟ್ಟಿಲು ಹತ್ತಬೇಡಿ, ಸವೆದ ಕಲ್ಲು ಜಾರುತ್ತದೆ. ನಾವು ಕೆರೆಯ ಬಳಿಯ ಒಂದು ಜಗಲಿಯಲ್ಲಿ ನಿಂತೆವು. ಮಳೆಗಾಲದಲ್ಲಿ ಅಕ್ಕ-ತಂಗಿ ಜಲಪಾತಗಳು ಧುಮುಕುವ ಬಂಡೆಯ ಮೇಲೆ ಬೇಸಿಗೆಯಲ್ಲಿ ಬರೀ ಕಪ್ಪು ಗೆರೆಗಳಿರುತ್ತವೆ. ಆ ಸಂಜೆ ಒಂದು ಗೆರೆಯ ಉದ್ದಕ್ಕೂ ದಾರದಷ್ಟು ನೀರು ಇಳಿದು, ಕಾಲು ಗಂಟೆಯಲ್ಲಿ ನಿಂತುಹೋಯಿತು. ‘ಅಕ್ಕ ಬಂದಳು, ತಂಗಿಗೆ ಇನ್ನೂ ರಜೆ’ ಎಂದ ತಮ್ಮ.

ಭಾನುವಾರ ಬೆಳಿಗ್ಗೆ ವಸ್ತುಸಂಗ್ರಹಾಲಯ ತೆರೆದಿತ್ತು. ಅದಕ್ಕೂ ಮೊದಲು, ಪಕ್ಕದಿಂದಲೇ ಹತ್ತುವ ಬಡಗಣ ಕೋಟೆಯ ದಾರಿಯನ್ನು ಮುಗಿಸಿದೆವು: ಎರಡೂ ಬದಿಗೆ ಗೋಡೆಯಂತೆ ನಿಂತ ಬಂಡೆಗಳ ನಡುವಿನ ಆ ಸಂದುಗಳಿಗೆ ಬಿಸಿಲು ಇಳಿಯುವುದೇ ಇಲ್ಲ, ಕಲ್ಲಿಗೆ ಕೆನ್ನೆಯಿಟ್ಟರೆ ಮಡಕೆಯ ತಣ್ಣಗೆ. ಬೇಸಿಗೆಯಲ್ಲಿ ಬಾದಾಮಿಗೆ ಬಂದವರು ಗುಹೆಗಳನ್ನು ಬಿಟ್ಟರೆ ತಪ್ಪದೆ ಹೋಗಬೇಕಾದ ಜಾಗ ಇದು. ಇಲ್ಲಿನ ಒಂದು ಬಂಡೆಯ ಮೇಲೆಯೇ ಮೊದಲನೆಯ ಪುಲಕೇಶಿ ಕೋಟೆ ಕಟ್ಟಿದ್ದನ್ನು ಸಾರುವ 543ರ ಶಾಸನವಿದೆ. ತುದಿಯ ಮೇಲಣ ಶಿವಾಲಯದ ಬಳಿ ಒಂಬತ್ತರ ನಂತರ ನಿಲ್ಲುವುದು ಕಷ್ಟ, ಆದ್ದರಿಂದ ಮೊದಲು ಕೋಟೆ, ಆಮೇಲೆ ವಸ್ತುಸಂಗ್ರಹಾಲಯ ಎಂಬ ಕ್ರಮವೇ ಸರಿ.

ಹಿಂದಿರುಗುವ ರೈಲಿಗೆ ಆಟೋವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮನ್ನು ನಿಲ್ದಾಣಕ್ಕೆ ಬಿಡಲು ಬಂದವರು ಅದೇ ಹಿರಿಯರು. ಕಾಲುಚೀಲ ಹಾಕಿಕೊಂಡೇ ಚಪ್ಪಲಿ ಮೆಟ್ಟಿದ್ದ ತಮ್ಮನನ್ನು ಕನ್ನಡಿಯಲ್ಲಿ ನೋಡಿ, ‘ಈಗ ಹಾಕ್ಕೊಂಡಿ ಏನಪಾ ತಮ್ಮಾ’ ಎಂದರು.