ಬೀಡಿ, ಕಡ್ಡಿಪುಡಿ ಬಿಟ್ಟದ್ದು ಹೇಗೆ ಎಂದು ಕೇಳುವವರಿಗೆ

ದೊಡ್ಡಬಳ್ಳಾಪುರದಲ್ಲಿ ನನ್ನನ್ನು ಬಲ್ಲವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "ಇಪ್ಪತ್ತು ವರ್ಷದ ಚಟ, ಅದು ಹೇಗಪ್ಪ ಬಿಟ್ಟೆ?" ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. "ನಿನ್ನದು ಗಟ್ಟಿ ಮನಸ್ಸು ಬಿಡು, ನಮ್ಮ ಕೈಲಿ ಆಗುವುದಿಲ್ಲ." ಹೊಗಳಿಕೆಯ ಮಾತಾದರೂ ಇದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಏಕೆಂದರೆ ಹಾಗೆಂದವರು ಅಲ್ಲಿಗೆ ಮಾತು ಮುಗಿಸಿ ಜೇಬಿನಿಂದ ಪೊಟ್ಟಣ ತೆಗೆಯುತ್ತಾರೆ.

ನನ್ನ ಮನಸ್ಸು ಗಟ್ಟಿಯಲ್ಲ. ಗಟ್ಟಿಯಾಗಿದ್ದರೆ ಮೂರು ಸಲ ಬಿಟ್ಟು ಮೂರು ಸಲವೂ ಮತ್ತೆ ಹಿಡಿಯುತ್ತಿರಲಿಲ್ಲ. ನಾಲ್ಕನೆಯ ಸಲ ಏನು ಬದಲಾಯಿತು ಎಂಬುದನ್ನು ಒಮ್ಮೆ ವಿವರವಾಗಿ ಬರೆದಿಡುತ್ತೇನೆ.

ನಮ್ಮೂರು ವಿದ್ಯುತ್ ಮಗ್ಗಗಳ ಊರು. ನಾನು ಹದಿನಾರನೆಯ ವಯಸ್ಸಿನಲ್ಲಿ, 1998ರಲ್ಲಿ ಮಗ್ಗದ ಶೆಡ್ಡಿಗೆ ಸೇರಿದೆ. ರೇಷ್ಮೆ ಇರುವ ಕಡೆ ಬೆಂಕಿಕಡ್ಡಿ ಗೀರುವಂತಿಲ್ಲ, ಹಾಗಾಗಿ ಒಳಗೆ ಬೀಡಿ ನಿಷಿದ್ಧ. ರಾತ್ರಿ ಪಾಳಿಯಲ್ಲಿ ಕಣ್ಣು ಮುಚ್ಚಿದರೆ ಹಾಸಿನ ಎಳೆ ಹರಿದದ್ದು ಗೊತ್ತಾಗದೆ ಅರ್ಧ ಗಜ ಸೀರೆ ಕೆಡುತ್ತದೆ, ಕೂಲಿಯಲ್ಲಿ ಹಿಡಿಯುತ್ತಾರೆ. ನಿದ್ದೆ ಬಾರದಿರಲಿ ಎಂದು ಒಳಗೆ ಸುಣ್ಣದೊಂದಿಗೆ ಉಜ್ಜಿ ಬಾಯಲ್ಲಿಡುವ ತಂಬಾಕು ಕಡ್ಡಿಪುಡಿ, ಹೊರಗೆ ಬಂದಾಗ ಬೀಡಿ. ಒಂದು ಚಟಕ್ಕೆ ಎರಡು ಬಾಗಿಲು ಆದದ್ದು ಹೀಗೆ. ನಮ್ಮಲ್ಲಿ ಬಹಳ ಮಂದಿ ಎರಡನ್ನೂ ಹಿಡಿದದ್ದು ಇದೇ ಕಾರಣಕ್ಕೆ.

ಶೆಡ್ಡಿನ ಸದ್ದು ಒಳಗೆ ನಿಂತವರಿಗೇ ಗೊತ್ತು. ಹನ್ನೆರಡು ಮಗ್ಗಗಳ ಲಾಳಿ ಒಟ್ಟಿಗೆ ಹೊಡೆಯುವಾಗ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳಿಸುವುದಿಲ್ಲ. ಆದ್ದರಿಂದ ನಮ್ಮದು ಕೈಸನ್ನೆಯ ಭಾಷೆ. ಕರೆಂಟ್ ಹೋಗಬಹುದು ಎನ್ನಲು ಒಂದು ಸನ್ನೆ, ಮಾಲೀಕರು ಬಂದರು ಎನ್ನಲು ಇನ್ನೊಂದು. ಎಡ ಅಂಗೈ ಮೇಲೆ ಬಲಗೈಯ ಹೆಬ್ಬೆರಳು ಉಜ್ಜಿ ತೋರಿಸಿದರೆ "ಕಡ್ಡಿಪುಡಿ ಇದೆಯೇ?" ಎಂದರ್ಥ. ಎದುರಿನ ಮಗ್ಗದವನು ತಲೆಯಾಡಿಸಿ, ಸುಣ್ಣದ ಡಬ್ಬಿಯನ್ನೂ ಚೀಟಿಯನ್ನೂ ಹಿಡಿದು ಬರುತ್ತಾನೆ. ಹೊಸಬನಾಗಿ ಸೇರಿದ ಹುಡುಗನ ಜೊತೆ ಮೊದಲ ವಾರ ಯಾರೂ ಮಾತನಾಡುವುದಿಲ್ಲ, ಆ ಸದ್ದಿನಲ್ಲಿ ಮಾತಿಗೆ ಅವಕಾಶವೂ ಇಲ್ಲ. ಒಂದು ಚಿಟಿಕೆ ಹಂಚಿಕೊಂಡ ದಿನ ಅವನು ನಮ್ಮವನಾಗುತ್ತಾನೆ. ನಾನೂ ಹಾಗೇ ನಮ್ಮವನಾದವನು.

2013ರ ಮೇ 31ರಂದು ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಅಷ್ಟರಲ್ಲಿ ನಾನು ಗುಟ್ಕಾಕ್ಕೂ ಒಗ್ಗಿಕೊಂಡಿದ್ದೆ. ಇನ್ನು ಸಿಗುವುದಿಲ್ಲ, ತಾನಾಗಿ ಬಿಟ್ಟುಹೋಗುತ್ತದೆ ಎಂದು ಮನೆಯಲ್ಲಿ ಸಂತೋಷಪಟ್ಟರು. ಕೆಲವೇ ದಿನಗಳಲ್ಲಿ ಅಡಿಕೆಯ ಮಸಾಲೆ ಒಂದು ಪೊಟ್ಟಣದಲ್ಲೂ ತಂಬಾಕು ಇನ್ನೊಂದರಲ್ಲೂ ಪಕ್ಕಪಕ್ಕ ತೂಗಾಡತೊಡಗಿದವು. ಎರಡನ್ನೂ ಹರಿದು ಅಂಗೈಯಲ್ಲಿ ಕಲೆಸಿದರೆ ಅದೇ ಗುಟ್ಕಾ.

ಬಿಡಲು ಮೊದಲ ಸಲ ಹೊರಟದ್ದು ಮದುವೆಯ ಹೊತ್ತಿಗೆ, ಎರಡನೆಯ ಸಲ ಮಗಳು ಹುಟ್ಟಿದಾಗ. ಅವೆರಡರಲ್ಲಿ ಹೇಳುವಂಥದ್ದು ಏನೂ ಇಲ್ಲ, ವಾರ ಕಳೆಯಲಿಲ್ಲ. ಮೂರನೆಯದು ಘಾಟಿ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ಕಟ್ಟಿಕೊಂಡ ಹರಕೆ. ನಿಜವಾದ ಭಕ್ತಿಯಿಂದಲೇ ಕಟ್ಟಿಕೊಂಡಿದ್ದೆ, ನಲವತ್ತು ದಿನ ಮುಟ್ಟಲೂ ಇಲ್ಲ. ಅದು ಮುರಿದದ್ದೂ ಘಾಟಿಯಲ್ಲೇ, ದನಗಳ ಜಾತ್ರೆಯಲ್ಲಿ. ಡಿಸೆಂಬರ್ ಚಳಿ, ಬೆಂಕಿಯ ಸುತ್ತ ನೆಂಟರು ಕುಳಿತಿದ್ದರು. ಸೋದರಮಾವ ಬೀಡಿ ಕಟ್ಟು ಬಿಚ್ಚಿ ನನ್ನ ಮುಂದೆ ಹಿಡಿದರು. ಬಿಟ್ಟಿದ್ದೇನೆ ಎಂದೆ. ಅವರ ಮುಖ ಸಣ್ಣದಾಯಿತು. "ನಾವು ಕೊಟ್ಟದ್ದನ್ನು ಮುಟ್ಟದಷ್ಟು ದೊಡ್ಡವನಾದೆಯಾ?" ಎಂದರು. ತೆಗೆದುಕೊಂಡೆ.

ಆ ರಾತ್ರಿ ನನಗೆ ಆಸೆ ಇರಲಿಲ್ಲ. ಮಾವನ ಮನಸ್ಸು ನೋಯಿಸಲಾರದೆ ಸೇದಿದೆ. ಮನಸ್ಸು ಗಟ್ಟಿ ಮಾಡು ಎನ್ನುವವರು ಈ ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ನಮ್ಮಲ್ಲಿ ತಂಬಾಕು ಎಂದರೆ ಉಪಚಾರ, ಸಲುಗೆ, ನೆಂಟಸ್ತಿಕೆ. ಒಬ್ಬನೇ ಬಿಡಲು ಹೊರಟವನು ಕಟ್ಟೆಯ ಮೇಲಿನ ತನ್ನ ಜಾಗವನ್ನೂ ಬಿಟ್ಟುಕೊಡಬೇಕಾಗುತ್ತದೆ. ಅದನ್ನು ಎಷ್ಟು ದಿನ ತಾಳಲು ಸಾಧ್ಯ?

ನಮ್ಮ ಶೆಡ್ಡಿನಲ್ಲಿ ಎಲ್ಲರೂ ಅಣ್ಣ ಎಂದೇ ಕರೆಯುವ ಹಿರಿಯ ನೇಕಾರರೊಬ್ಬರಿದ್ದಾರೆ. ನನಗೆ ಎಳೆ ಗಂಟು ಹಾಕುವುದನ್ನು ಕಲಿಸಿದವರು ಅವರು. 2019ರ ಆರಂಭದಲ್ಲಿ ಒಂದು ಮಧ್ಯಾಹ್ನ ಎದುರುಬದುರು ಊಟಕ್ಕೆ ಕುಳಿತಿದ್ದೆವು. ಅವರು ಮುದ್ದೆಯನ್ನು ಮುರಿದು ತುತ್ತು ಮಾಡಿದರು, ಮತ್ತೆ ಅದನ್ನೇ ಎರಡು ಮಾಡಿದರು, ಕೊನೆಗೆ ಗೋಲಿಯಷ್ಟು ಮಾಡಿ, ಸಾರಿನಲ್ಲಿ ಅದ್ದದೆ ಮಜ್ಜಿಗೆಯಲ್ಲಿ ಅದ್ದಿ, ತುಟಿಗಳ ನಡುವೆ ಬೆರಳಿನಿಂದ ತಳ್ಳಿಕೊಂಡರು. ಆ ಗೋಲಿ ಹಲ್ಲಿಗೆ ತಗುಲಿ ತಟ್ಟೆಗೆ ಬಿತ್ತು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ತಲೆ ಬಗ್ಗಿಸಿದರು. "ಬಾಯಿ ಬಿಡಲು ಆಗುವುದಿಲ್ಲಪ್ಪ. ಖಾರ ತಗುಲಿದರೆ ಬೆಂಕಿ ಇಟ್ಟ ಹಾಗಾಗುತ್ತದೆ" ಎಂದರು. ಎಷ್ಟು ದಿನದಿಂದ ಎಂದು ಕೇಳಿದೆ. ಒಂದು ವರ್ಷದಿಂದ ಎಂದರು. ಒಂದು ವರ್ಷ ನಾನು ಅವರ ಪಕ್ಕದಲ್ಲೇ ಉಂಡಿದ್ದೆ.

ನಾನೇ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ದಂತವೈದ್ಯರು ಅವರ ಬಾಯಿಗೆ ಬೆರಳು ಇಡಿಸಿ ನೋಡಿದರು. ಸಾಮಾನ್ಯವಾಗಿ ದೊಡ್ಡವರ ಬಾಯಲ್ಲಿ ಅವರದೇ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಸಬೇಕು. ಅಣ್ಣನಿಗೆ ಎರಡು ಕಷ್ಟದಿಂದ ಹಿಡಿಸಿದವು. ಕೆನ್ನೆಯ ಒಳಚರ್ಮ ಬಿಳಿಚಿ ಹಗ್ಗದಂತೆ ಬಿಗಿಯುವ ಈ ರೋಗಕ್ಕೆ ಮುಖ್ಯ ಕಾರಣ ಅಡಿಕೆ, ಮುಂದೆ ಇದು ಕ್ಯಾನ್ಸರ್‌ಗೆ ತಿರುಗಬಹುದು ಎಂದು ವೈದ್ಯರು ವಿವರಿಸಿದರು. ತಂಬಾಕು ಮಾತ್ರ ಬಿಟ್ಟು ಅಡಿಕೆ ಅಗಿಯುತ್ತಿದ್ದರೆ ಉಪಯೋಗವಿಲ್ಲ ಎಂದು ಒತ್ತಿ ಹೇಳಿದರು. ಅಡಿಕೆ ನಮ್ಮ ನಾಡಿನ ಬೆಳೆ, ತಾಂಬೂಲದಲ್ಲಿ ಕೊಡುವ ವಸ್ತು, ಆದ್ದರಿಂದ ಇದನ್ನು ಹೇಳಿದರೆ ಹಲವರು ಬೇಸರಪಟ್ಟುಕೊಳ್ಳುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಣ್ಣನ ತುತ್ತನ್ನು ನೋಡಿದ ಮೇಲೆ ಮುಲಾಜಿಗೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಬಸ್ಸಿನಲ್ಲಿ ಹಿಂತಿರುಗುವಾಗ ಅಣ್ಣ ಹೇಳಿದರು: "ನಾನೊಬ್ಬನೇ ಬಿಟ್ಟರೆ ಸಂಜೆಯೊಳಗೆ ಯಾರಾದರೂ ಕೈಗೆ ಹಾಕುತ್ತಾರೆ. ನೀನೂ ಬಿಡುತ್ತೀಯಾ?" ನನ್ನ ಬದುಕಿನಲ್ಲಿ ಅಷ್ಟು ನೇರವಾಗಿ ಯಾರೂ ಸಹಾಯ ಕೇಳಿರಲಿಲ್ಲ.

ನಾವು ನಾಲ್ವರಾದೆವು. ಅಣ್ಣ, ನಾನು, ಬೀಡಿ ಮಾತ್ರ ಸೇದುತ್ತಿದ್ದ ಮೇಸ್ತ್ರಿ, ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ. ಆ ಹುಡುಗ ಹದಿನೈದಕ್ಕೇ ಶುರು ಮಾಡಿದವನು. ಹದಿನೆಂಟು ತುಂಬದವರಿಗೆ ಮಾರಬಾರದೆಂದು 2003ರ ಕೇಂದ್ರ ಕಾಯ್ದೆಯಲ್ಲೇ ಇತ್ತು, ಈಗ ನಮ್ಮ ರಾಜ್ಯ ಅದನ್ನು ಇಪ್ಪತ್ತೊಂದಕ್ಕೆ ಏರಿಸಿದೆ. ಅಂಗಡಿಯಲ್ಲಿ ಯಾರಾದರೂ ವಯಸ್ಸು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಶಿವರಾತ್ರಿಗೆ ಬಿಡೋಣ ಎಂದ ಹುಡುಗ. ಅಣ್ಣ ಒಪ್ಪಲಿಲ್ಲ. ಹಬ್ಬಕ್ಕೆ ಬಿಟ್ಟದ್ದನ್ನೆಲ್ಲ ಹಬ್ಬಕ್ಕೇ ಹಿಡಿದಿದ್ದೇವೆ, ಉಪವಾಸದ ಹೊಟ್ಟೆಯಲ್ಲಿ ಬಿಡುವುದು ಇನ್ನೂ ಕಷ್ಟ ಎಂದರು. ಶಿವರಾತ್ರಿ ಕಳೆದ ಮರುದಿನ, 2019ರ ಮಾರ್ಚ್ 5ರ ಮಂಗಳವಾರ ಎಂದು ಗೊತ್ತುಮಾಡಿದೆವು. ಅದಕ್ಕೆ ಮೊದಲು ಪೊಟ್ಟಣದ ಮೇಲೆ ಅಚ್ಚಾಗಿರುವ 1800-11-2356 ಸಂಖ್ಯೆಗೆ ಮೇಸ್ತ್ರಿ ಕರೆ ಮಾಡಿದರು. ತಂಬಾಕು ಬಿಡುವವರಿಗೆಂದೇ ಇರುವ ಸರ್ಕಾರದ ಉಚಿತ ಸಹಾಯವಾಣಿ ಅದು, ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೂ ಉತ್ತರಿಸುತ್ತಾರೆ. ಆ ಕಡೆ ಮಾತನಾಡಿದ ಹೆಣ್ಣುಮಗಳು ಬೈಯಲಿಲ್ಲ, ಉಪದೇಶವನ್ನೂ ಕೊಡಲಿಲ್ಲ. ಮೈಯಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ಕೈ ಮತ್ತೆ ಮತ್ತೆ ಜೇಬಿಗೆ ಹೋಗುತ್ತದೆ ಎಂದು ವಿವರಿಸಿದರು. ಮೊದಲ ಮೂರು ದಿನ ಅತಿ ಕಷ್ಟ, ಆಮೇಲೆ ಎರಡು ಮೂರು ವಾರದಲ್ಲಿ ಸಡಿಲವಾಗುತ್ತದೆ ಎಂದರು. ಇನ್ನೊಂದು ಮಾತು ಹೇಳಿದರು, ನಮ್ಮನ್ನು ಉಳಿಸಿದ್ದು ಅದೇ: ಆಸೆ ಬಂದಾಗ ಅದು ಏರಿ ಇಳಿಯಲು ಕೆಲವೇ ನಿಮಿಷ ಸಾಕು, ಐದು ನಿಮಿಷ ತಳ್ಳಿರಿ.

ಐದು ನಿಮಿಷ! ಇಡೀ ಜನ್ಮಕ್ಕೆ ಗಟ್ಟಿ ಮನಸ್ಸು ಎಲ್ಲಿಂದ ತರಲಿ ಎಂದು ಹೆದರಿದ್ದವನಿಗೆ ಅದು ದೊಡ್ಡ ಸಮಾಧಾನ. ನಾವು ಹೊಸದೊಂದು ಸನ್ನೆ ಮಾಡಿಕೊಂಡೆವು. ಆಸೆ ಬಂದವನು ಐದು ಬೆರಳು ಬಿಡಿಸಿ ಕೈ ಎತ್ತಬೇಕು. ಕಂಡವನು ಎರಡೂ ಮಗ್ಗಗಳನ್ನು ಪಕ್ಕದವನಿಗೆ ನೋಡಿಕೊಳ್ಳಲು ಹೇಳಿ, ಅವನ ಜೊತೆ ಹೊರಗೆ ಬಂದು, ನೀರು ಕುಡಿದು, ಬೇವಿನ ಮರದವರೆಗೆ ನಡೆದು ಹಿಂತಿರುಗಬೇಕು. ಮೊದಲ ದಿನ ನಾನು ಹದಿನಾಲ್ಕು ಸಲ ಕೈ ಎತ್ತಿದೆ. ಎತ್ತಿದಾಗಲೆಲ್ಲ ಯಾರಾದರೊಬ್ಬರು ಬಂದರು.

ಮೂರನೆಯ ದಿನ ತಲೆ ಸಿಡಿಯುತ್ತಿತ್ತು. ಕೈ ನಡುಗಿ ಎಳೆ ಗಂಟು ಹಾಕಲಾಗಲಿಲ್ಲ. ಮನೆಯಲ್ಲಿ ಮಗಳ ಮೇಲೆ ಸುಮ್ಮಸುಮ್ಮನೆ ಕೂಗಾಡಿ, ಆಮೇಲೆ ಅವಳ ಪಕ್ಕ ಕುಳಿತು ಕ್ಷಮೆ ಕೇಳಿದೆ. ಇನ್ನೊಂದು ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬಹಳ ಜನ ಮತ್ತೆ ಬೀಡಿ ಹಚ್ಚುವುದು ಅದಕ್ಕೇ. ಬೆಳಗ್ಗೆ ಹೊಟ್ಟೆ ಖಾಲಿಯಾಗುವುದಿಲ್ಲ. ನಿಕೋಟಿನ್ ಕರುಳನ್ನು ಕೆರಳಿಸುತ್ತಿತ್ತು, ಅದು ನಿಂತಾಗ ಕರುಳು ಮಂದವಾಗುತ್ತದೆ. ಎರಡು ಮೂರು ವಾರ ಬಿಸಿನೀರು, ಪರಂಗಿಹಣ್ಣು, ಸೊಪ್ಪು, ನಡಿಗೆ ಇದ್ದರೆ ಸರಿಹೋಗುತ್ತದೆ. ನನಗೆ ಹತ್ತೊಂಬತ್ತು ದಿನ ಹಿಡಿಯಿತು. ಬಾಯಿ ಬರಿದು ಎನಿಸಿದಾಗ ಸೋಂಪು, ಲವಂಗ, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ.

ಮೇಸ್ತ್ರಿಗೆ ಇಷ್ಟು ಸಾಲಲಿಲ್ಲ. ಅವರು ವೈದ್ಯರನ್ನು ಕಂಡು ನಿಕೋಟಿನ್ ಗಮ್ ತಂದರು. ಅದನ್ನು ಬಬಲ್ ಗಮ್‌ನಂತೆ ಒಂದೇ ಸಮನೆ ಅಗಿಯಬಾರದು. ಸ್ವಲ್ಪ ಅಗಿದು, ಚುರುಗುಟ್ಟಿದೊಡನೆ ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು. ಔಷಧಿ ತೆಗೆದುಕೊಂಡು ಬಿಟ್ಟವನದು ಬಿಟ್ಟಂತಲ್ಲ ಎಂದು ಕೆಲವರು ಆಡಿಕೊಂಡರು. ಜ್ವರಕ್ಕೆ ಮಾತ್ರೆ ನುಂಗುವವರು ಹೀಗೆ ಆಡಿಕೊಳ್ಳುವುದು ತಪ್ಪು. ಮೂರು ತಿಂಗಳಲ್ಲಿ ಮೇಸ್ತ್ರಿ ಗಮ್ಮನ್ನೂ ಬಿಟ್ಟರು.

ಹುಡುಗ ಒಂದು ತಿಂಗಳಿಗೆ ಗೆಳೆಯನ ಮದುವೆಯಲ್ಲಿ ಜಾರಿದ. ಎರಡು ದಿನ ನಮ್ಮ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡ. ಅಣ್ಣ ಅವನ ಮನೆಗೇ ಹೋಗಿ, ಅವನ ತಾಯಿ ಕೊಟ್ಟ ಕಾಫಿ ಕುಡಿದು, ಮದುವೆ ಊಟದ ಬಗ್ಗೆ ವಿಚಾರಿಸಿದರು. ಸೇದಿದ್ದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಮರುದಿನ ಅವನು ತಾನಾಗಿ ಬಂದು ಕೈ ಎತ್ತಿದ. ಅವನು ಇನ್ನೂ ಎರಡು ಸಲ ಜಾರಿದ್ದಾನೆ, ಎರಡು ಸಲವೂ ಬಂದಿದ್ದಾನೆ. ಈಗ ನಾಲ್ಕು ವರ್ಷದಿಂದ ಮುಟ್ಟಿಲ್ಲ.

ನಮ್ಮಿಂದ ಆದ ಒಂದು ತಪ್ಪನ್ನೂ ಹೇಳಬೇಕು. ನೂಲು ಸುತ್ತುವ ಹೆಣ್ಣುಮಕ್ಕಳು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುತ್ತಾರೆ. ಅದನ್ನು ಚಟವೆಂದು ನಾವು ಎಣಿಸಿರಲೇ ಇಲ್ಲ, ನನ್ನ ತಾಯಿಯೂ ಹಾಕುತ್ತಿದ್ದರು. ನಾವು ಬಿಟ್ಟ ಎರಡನೆಯ ವರ್ಷ ಅವರಲ್ಲೊಬ್ಬರು, "ನಮ್ಮನ್ನು ಯಾಕೆ ಕರೆಯಲಿಲ್ಲ?" ಎಂದು ಕೇಳಿದಾಗ ನಮಗೆ ಉತ್ತರವಿರಲಿಲ್ಲ. ಈಗ ಅವರದೇ ಐವರ ಗುಂಪಿದೆ, ಕೈಯೆತ್ತುವ ಸನ್ನೆಯೂ ಅದೇ.

ಜೊತೆಗೆ ಯಾರೂ ಇಲ್ಲದವರು ಏನು ಮಾಡಬೇಕು ಎಂದೂ ಕೇಳುತ್ತಾರೆ. ನಾಲ್ವರು ಬೇಕಿಲ್ಲ, ಕರೆದಾಗ ಐದು ನಿಮಿಷ ಕೊಡುವ ಒಬ್ಬರು ಸಾಕು. ಹೆಂಡತಿಯಾಗಬಹುದು, ಅಕ್ಕನಾಗಬಹುದು, ಫೋನಿನ ಆ ತುದಿಯ ಸಹಾಯವಾಣಿಯವರಾಗಬಹುದು. ಬಿಡುವ ದಿನವನ್ನು ಮೊದಲೇ ಅವರಿಗೆ ಹೇಳಿ. ತಂಬಾಕು ಮುಂದೆ ಹಿಡಿಯುವ ನೆಂಟರಿಗೂ ಮೊದಲೇ ಹೇಳಿ, ಕಾರಣ ಸಹಿತ ಹೇಳಿ. ಮುಂದಿನ ಜಾತ್ರೆಗೆ ಹೋಗುವ ಮುನ್ನ ನಾನು ಸೋದರಮಾವನ ಮನೆಗೆ ಹೋಗಿ ಅಣ್ಣನ ಬಾಯಿಯ ವಿಷಯ ತಿಳಿಸಿದೆ. ಜಾತ್ರೆಯ ರಾತ್ರಿ ಅವರು ಕಟ್ಟು ಬಿಚ್ಚಿದಾಗ ನನ್ನನ್ನು ದಾಟಿ ಪಕ್ಕದವನಿಗೆ ಕೊಟ್ಟರು, ನನ್ನ ಕೈಗೆ ಹುರಿದ ಕಡಲೆಕಾಯಿ ಹಾಕಿದರು.

ಅಣ್ಣನ ಬಾಯಿ ಮೊದಲಿನಂತೆ ಆಗಿಲ್ಲ, ಆಗುವುದೂ ಇಲ್ಲ. ಆದರೆ ಇನ್ನಷ್ಟು ಬಿಗಿದಿಲ್ಲ. ಉರಿ ಕಡಿಮೆಯಾಗಿದೆ, ತಪ್ಪದೆ ತಪಾಸಣೆಗೆ ಹೋಗುತ್ತಾರೆ, ದಿನವೂ ಬಾಯಿ ತೆರೆಯುವ ವ್ಯಾಯಾಮ ಮಾಡುತ್ತಾರೆ. ಮೊನ್ನೆ ರಾತ್ರಿ ಪಾಳಿಯಲ್ಲಿ ಕರೆಂಟ್ ಹೋಗಿ ಎಲ್ಲ ಮಗ್ಗಗಳೂ ಒಮ್ಮೆಗೇ ನಿಂತವು. ಆ ನಿಶ್ಶಬ್ದದಲ್ಲಿ, ಇಷ್ಟು ವರ್ಷಗಳಾದ ಮೇಲೂ, ನನ್ನ ಕೈ ಅಂಗಿಯ ಜೇಬಿಗೆ ಹೋಯಿತು. ಕತ್ತಲಲ್ಲಿ ಕೈ ಎತ್ತಿದರೆ ಯಾರಿಗೆ ಕಾಣುತ್ತದೆ? "ಅಣ್ಣ, ಐದು ನಿಮಿಷ" ಎಂದು ಕೂಗಿದೆ. ಮಗ್ಗದ ಆಚೆಯಿಂದ ಅವರ ಚಪ್ಪಲಿಯ ಸದ್ದು ಬಾಗಿಲ ಕಡೆಗೆ ಹೊರಟಿತು.