ಸುಮ್ಮ ಕುಂತ್ರ ರೊಕ್ಕ ಕೊಡ್ತಾರೇನ್?

ಬ್ಲೌಸ್ ಅಳತೆ ಕೊಡಲು ಬಂದವರು, ತರಕಾರಿ ಗಾಡಿ ಹತ್ತಿರ ಸಿಕ್ಕವರು, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರು, ಎಲ್ಲರೂ ನನಗೆ ಕೇಳುವುದು ಒಂದೇ. “ಹೌದೇನಕ್ಕಾ, ಚಿತ್ರ ತೆಗಿಯೋರ ಮುಂದ ಸುಮ್ಮ ಕುಂತ್ರ ರೊಕ್ಕ ಕೊಡ್ತಾರಂತ?”

ಕೊಡುತ್ತಾರೆ. ನಾನು ಕಲಬುರಗಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುವವಳು. ವಾರದಲ್ಲಿ ಕೆಲವು ದಿನ ಬೆಳಿಗ್ಗೆ ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರಿಗೆ ಮಾಡೆಲ್ ಆಗಿ ಕೂಡುತ್ತೇನೆ, ನಿಲ್ಲುತ್ತೇನೆ. ಆ ಪಾಠಕ್ಕೆ ಲೈಫ್ ಸ್ಟಡಿ ಅನ್ನುತ್ತಾರೆ. ಒಂದು ಬೆಳಗಿಗೆ ಸಿಗುವುದು ಎರಡು ಲೈನಿಂಗ್ ಬ್ಲೌಸಿನ ಮಜೂರಿಯಷ್ಟು. ಕಾಲೇಜಿಗೆ ರಜೆ ಬಿದ್ದರೆ ಅದೂ ಇಲ್ಲ.

ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ, ದನಿ ತಗ್ಗಿಸಿ. ಬಟ್ಟೆ? ಅದರ ಉತ್ತರ ಚಿಕ್ಕದು, ಇಲ್ಲೇ ಮುಗಿಸಿಬಿಡುತ್ತೇನೆ. ನಾನು ಸೀರೆ ಉಟ್ಟೇ ಕೂಡುತ್ತೇನೆ. ನನ್ನನ್ನು ಕರೆದಾಗ ಚಿತ್ರಕಲೆ ಕಲಿಸುವ ಸರ್ ಮೊದಲು ಹೇಳಿದ ಮಾತೇ ಅದು. ಮುಂಬೈಯ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ 1857ರಲ್ಲಿ ಶುರುವಾದದ್ದು. ಅಂಥ ಹಳೇ ಚಿತ್ರಕಲಾ ಶಾಲೆಗಳಲ್ಲಿ ಬಟ್ಟೆ ಇಲ್ಲದೆ ಕೂಡುವ ಮಾಡೆಲ್‌ಗಳೂ ಇದ್ದಾರೆ. ಅವರು ಮಾಡುವುದೂ ಇದೇ ಕೆಲಸ, ಇನ್ನೂ ಕಷ್ಟದ್ದು. ಅವರ ಬಗ್ಗೆ ಕೊಂಕು ಮಾತಾಡುವವರಿಗೆ ನಮ್ಮ ಮನೆಯಲ್ಲಿ ಚಹಾ ಸಿಗುವುದಿಲ್ಲ.

ಈಗ ರೊಕ್ಕದ ಮಾತಿಗೆ ಬರೋಣ. ಕೂತದ್ದಕ್ಕೆ ಯಾರೂ ರೊಕ್ಕ ಕೊಡುವುದಿಲ್ಲ. ಎದ್ದು ಹೋಗಿ, ಚಹಾ ಕುಡಿದು, ಕೈಕಾಲು ಜಾಡಿಸಿ, ಮತ್ತೆ ಬಂದು ಮೊದಲು ಹೇಗೆ ಕೂತಿದ್ದೆನೋ ಹಾಗೇ ಕೂಡುತ್ತೇನಲ್ಲ, ಅದಕ್ಕೆ ಕೊಡುತ್ತಾರೆ.

ಬೆಳಿಗ್ಗೆ ಮೊದಲು ಚಿಕ್ಕ ಪೋಸುಗಳಿರುತ್ತವೆ. ಅರ್ಧ ನಿಮಿಷ, ಒಂದು ನಿಮಿಷ, ಎರಡು ನಿಮಿಷ. ಹುಡುಗರ ಕೈ ಸಡಿಲಾಗಲಿ ಅಂತ. ಇದರಲ್ಲಿ ನನಗೆ ಖುಷಿ ಜಾಸ್ತಿ. ಬಾಗಬಹುದು, ತಿರುಗಬಹುದು, ಕೊಡ ಎತ್ತುವ ಹಾಗೆ ಸೊಂಟ ಮುರಿಯಬಹುದು. ಆಮೇಲೆ ಉದ್ದದ ಪೋಸು. 20 ನಿಮಿಷ ಕೂಡುವುದು, 5 ನಿಮಿಷ ಬಿಡುವು, ಮತ್ತೆ 20 ನಿಮಿಷ. ಅದೇ ಪೋಸು ಇಡೀ ಬೆಳಗು ನಡೆಯುತ್ತದೆ, ಕೆಲವು ಸಲ ಮರುದಿನಕ್ಕೂ ಹೋಗುತ್ತದೆ.

ಕುರ್ಚಿಯಲ್ಲಿ ಕೂತ ಮನುಷ್ಯ ತನಗೇ ಗೊತ್ತಿಲ್ಲದೆ ಇಳಿಯುತ್ತಾ ಹೋಗುತ್ತಾನೆ. ಬೆನ್ನು ಕುಸಿಯುತ್ತದೆ. ಗದ್ದ ಎದೆ ಕಡೆಗೆ ಬರುತ್ತದೆ. ಕೂತವರಿಗೆ ಅದು ಒಂದೆರಡು ಬೆರಳಿನಷ್ಟು ಫರಕು. ಎದುರಿಗೆ ಕೂತು ಕುತ್ತಿಗೆಯ ಗೆರೆ ಎಳೆದ ಹುಡುಗಿಗೆ ಮಾತ್ರ ಆ ಕುತ್ತಿಗೆಯೇ ಮಾಯವಾಗಿರುತ್ತದೆ. ಹೊಸದಾಗಿ ಬಂದವರು ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ ಸೆಟೆದು ಕೂಡುತ್ತಾರೆ. ಹತ್ತು ನಿಮಿಷಕ್ಕೆ ಎಲ್ಲ ಇಳಿದಿರುತ್ತದೆ. ನಾನು ಕೂತ ಕೂಡಲೇ ಪೂರ್ತಿ ಉಸಿರು ಬಿಡುತ್ತೇನೆ. ಮೈ ಎಲ್ಲಿಗೆ ಇಳಿಯುತ್ತದೋ ಅಲ್ಲಿಗೆ ಮೊದಲೇ ಇಳಿಯಲು ಬಿಡುತ್ತೇನೆ. ಆಮೇಲೆ “ಶುರು ಮಾಡ್ರಿ ಸರ್” ಅನ್ನುತ್ತೇನೆ.

ನಿಲ್ಲುವುದು ಇನ್ನೊಂದು ಥರ. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತರೆ ಚಿತ್ರಕ್ಕೆ ಸಪ್ಪೆ. ಒಂದೇ ಕಾಲಿನ ಮೇಲೆ ಭಾರ ಹಾಕಿದರೆ ಆ ಕಡೆಯ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಬೆನ್ನಿಗೆ ಒಂದು ಬಳುಕು ಬರುತ್ತದೆ. ಚಿತ್ರ ತೆಗೆಯುವವರಿಗೆ ಇದು ಇಷ್ಟ, ನನ್ನ ಹಿಮ್ಮಡಿಗೆ ಇಷ್ಟವಿಲ್ಲ. ಮಂಡಿಯನ್ನು ಹಿಂದಕ್ಕೆ ಬಿಗಿದು ಅಲುಗಾಡದೆ ನಿಂತರೆ ರಕ್ತ ಕಾಲಲ್ಲೇ ನಿಂತುಬಿಡುತ್ತದೆ. ತಲೆಗೆ ಕಡಿಮೆಯಾಗಿ ಚಕ್ಕರ್ ಬಂದು ಬೀಳುವವರಿದ್ದಾರೆ. ಅದಕ್ಕೆ ಮಂಡಿ ಒಂಚೂರು ಸಡಿಲ ಇರಬೇಕು. ಸೀರೆಯೊಳಗೆ ಕಾಲಿನ ಮೀನಖಂಡವನ್ನು ಬಿಗಿದು ಬಿಡುತ್ತಾ ಇರಬೇಕು. ಹೊರಗಿನವರಿಗೆ ಅದು ಕಾಣುವುದಿಲ್ಲ.

ಕೈ ಮೇಲೆತ್ತಿದ ಪೋಸನ್ನು ನಾನು ಒಪ್ಪುವುದಿಲ್ಲ, ಎರಡು ನಿಮಿಷದ್ದಾದರೆ ಸರಿ. ಚಿತ್ತಾಪುರ ತಾಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿ ಇದೆಯಲ್ಲ, ಭೀಮಾ ನದಿ ದಂಡೆಗೆ. ಅಲ್ಲಿ ಅಗೆದಾಗ ಅಶೋಕನ ಶಿಲ್ಪ ಸಿಕ್ಕಿತು. ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಅಂತ ಅವನ ಹೆಸರೇ ಕೆತ್ತಿದ್ದಾರೆ. ರಾಜ ರಾಣಿ ಆರಾಮಾಗಿ ನಿಂತಿದ್ದಾರೆ, ಸೇವಕಿಯರು ಕೊಡೆ, ಚಾಮರ ಹಿಡಿದಿದ್ದಾರೆ. ಎಲ್ಲರೂ ಅಶೋಕನನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಆ ಹೆಣ್ಣುಮಕ್ಕಳ ಕೈಗೆ. ಕಲ್ಲಾದ್ದರಿಂದ ಸರಿಹೋಯಿತು.

ಮತ್ತೆ ಅದೇ ಜಾಗಕ್ಕೆ ಬರುವ ಮಾತು ಹೇಳುತ್ತಿದ್ದೆ. ಕಾಲಿನ ಗುರುತು ಸುಲಭ. ನೆಲ ಶಹಾಬಾದ್ ಪರಸಿ ಕಲ್ಲಿನದ್ದು, ಬೂದು ಬಣ್ಣ. ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಚೆನ್ನಾಗಿ ಕಾಣುತ್ತದೆ. ಕಣ್ಣಿಗೆ ಗೋಡೆ ಮೇಲಿನ ಒಂದು ಮೊಳೆ ಗೊತ್ತು ಮಾಡಿಕೊಳ್ಳುತ್ತೇನೆ. ಕೈಬೆರಳಿಗೆ ಸೀರೆ ಅಂಚಿನ ಯಾವ ಪಟ್ಟಿ ಯಾವ ಬೆರಳ ಕೆಳಗೆ ಇತ್ತು ಅಂತ ನೆನಪಿಟ್ಟುಕೊಳ್ಳುತ್ತೇನೆ. ಕಷ್ಟ ಕೊಡುವುದು ಸೆರಗು. ಒಬ್ಬ ಹುಡುಗ ಅರ್ಧ ಗಂಟೆ ಕೂತು ಸೆರಗಿನ ಮಡಿಕೆಗಳಿಗೆ ನೆರಳು ತುಂಬಿರುತ್ತಾನೆ. ನಾನು ಎದ್ದು ಹೋಗಿ ಬಂದರೆ ಅದು ಬೇರೆ ಥರ ಬಿದ್ದಿರುತ್ತದೆ. ಅವನ ಮುಖ ನೋಡಲಾಗದು ಪಾಪ.

ಇಲ್ಲಿ ನನ್ನ ಹೊಲಿಗೆ ಕೆಲಸಕ್ಕೆ ಬರುತ್ತದೆ. ಬಟ್ಟೆ ಎಲ್ಲಿ ಜೋತು ಬೀಳುತ್ತದೆ, ಎಲ್ಲಿ ಎಳೆಯುತ್ತದೆ ಅಂತ ನನಗೆ ಗೊತ್ತು. ಮಡಿಕೆಗಳೆಲ್ಲ ಯಾವುದೋ ಒಂದು ಕಡೆಯಿಂದ ಹೊರಡುತ್ತವೆ. ಭುಜದಿಂದ, ಮೊಣಕೈಯಿಂದ, ಮಂಡಿಯಿಂದ. ಆ ಜಾಗಗಳಲ್ಲಿ ಒಳಗಿನಿಂದ ಪಿನ್ನು ಹಾಕಿದರೆ ಉಳಿದದ್ದು ಹೆಚ್ಚು ಕಡಿಮೆ ತಾನೇ ಕೂಡುತ್ತದೆ. ಸಿಂಥೆಟಿಕ್ ಸೀರೆ ಉಟ್ಟರೆ ಜಾರಿ ಹೋಗುತ್ತದೆ. ನಾನು ಹಳೇ ಇಳಕಲ್ ಹತ್ತಿ ಸೀರೆ ಉಡುತ್ತೇನೆ. ಅದರ ಅಂಚಿನ ಪಟ್ಟಿ ಮಂಡಿಯ ಮೇಲೆ ಬಾಗುವುದನ್ನು ನೋಡಿದರೇ ಒಳಗೆ ಮಂಡಿ ಹೇಗಿದೆ ಅಂತ ತಿಳಿಯುತ್ತದೆ ಅಂತ ಸರ್ ಹೇಳುತ್ತಾರೆ.

ಹುಡುಗರು ಅಳೆಯುವುದನ್ನು ನೋಡುವುದು ನನಗೊಂದು ಮಜಾ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳು ಸರಿಸಿ ನನ್ನ ತಲೆಯ ಉದ್ದ ಹಿಡಿಯುತ್ತಾರೆ. ನಿಂತ ಮನುಷ್ಯ ಸುಮಾರು ಏಳೂವರೆ ತಲೆ ಉದ್ದ ಅನ್ನುವುದು ಅವರ ಲೆಕ್ಕ. ಆದರೂ ಮೊದಲ ವರ್ಷದವರು ತಲೆ ದೊಡ್ಡದು ಮಾಡಿಬಿಡುತ್ತಾರೆ. ಕೆಳಗೆ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ. ನನ್ನ ಪಾದ ಪೂರ್ತಿ ತೆಗೆದವರು ಬಹಳ ಕಡಿಮೆ. ಕಣ್ಣು ತಲೆಯ ಅರ್ಧಕ್ಕೆ ಬರಬೇಕು, ಅವರು ಹಣೆಗೆ ಏರಿಸಿಡುತ್ತಾರೆ. ಎರಡೂ ಭುಜ ಸಮ ತೆಗೆಯುತ್ತಾರೆ. ಮನುಷ್ಯರ ಎರಡೂ ಭುಜ ಸಮ ಇರುವುದು ಅಪರೂಪ. ಯಾವ ದರ್ಜಿಯನ್ನು ಬೇಕಾದರೂ ಕೇಳಿ. ನನಗೆ ಎಡಭುಜ ಇಳಿದಿದೆ, ಬ್ಲೌಸ್ ಆ ಕಡೆಗೇ ಜಾರುತ್ತದೆ. ಒಮ್ಮೆ ಬಿಡುವಿನಲ್ಲಿ ಒಬ್ಬಳಿಗೆ ಟೇಪು ಹಿಡಿದು ತೋರಿಸಿದೆ. “ಅಕ್ಕಾ, ನೀವು ಮೊದಲೇ ಹೇಳಬಾರದಿತ್ತೇನ್ರೀ?” ಅಂದಳು. ಪೋಸಿನಲ್ಲಿದ್ದಾಗ ಬಾಯಿ ತೆರೆಯುವಂತಿಲ್ಲವಲ್ಲ.

ಕೂತಾಗ ಏನು ಯೋಚನೆ ಮಾಡುತ್ತೀಯಾ ಅಂತಲೂ ಕೇಳುತ್ತಾರೆ. ಸಂಜೆಯ ಅಡಿಗೆ, ಬಾಕಿ ಉಳಿದ ಬ್ಲೌಸು. ಮತ್ತೇನು.

ಬೇಸಿಗೆಯ ಬಗ್ಗೆ ಮಾತ್ರ ಹೇಳಲೇಬೇಕು. ನಮ್ಮೂರಿನ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟಿದರೆ ಯಾರೂ ಬೆರಗಾಗುವುದಿಲ್ಲ. ಫ್ಯಾನು ಹಾಕಿದರೆ ಸೆರಗು ಹಾರುತ್ತದೆ, ಹಾಳೆ ಹಾರುತ್ತದೆ. ಆಫ್ ಮಾಡಿದರೆ ಕುತ್ತಿಗೆಯಿಂದ ಬೆವರು ಇಳಿಯುತ್ತದೆ, ಒರೆಸಿಕೊಳ್ಳಲು ಆಗದು. ಈ ಫ್ಯಾನಿನ ಜಗಳ ಪ್ರತಿ ವರ್ಷ ನಡೆಯುತ್ತದೆ. ಬೆಳಕಿನದು ಇನ್ನೊಂದು ಪೀಕಲಾಟ. ಸ್ಟುಡಿಯೋಗೆ ಉತ್ತರದ ಕಿಟಕಿ ಒಳ್ಳೆಯದು ಅನ್ನುತ್ತಾರೆ, ನೇರ ಬಿಸಿಲು ಬೀಳದೆ ನೆರಳು ಒಂದೇ ಕಡೆ ನಿಲ್ಲುತ್ತದೆ ಅಂತ. ಆ ಮಾತು ಹುಟ್ಟಿದ್ದು ಯುರೋಪಿನ ತಂಪು ದೇಶಗಳಲ್ಲಿ. ಕಲಬುರಗಿಯಲ್ಲಿ ಮೇ ಎರಡನೇ ವಾರದಿಂದ ಜುಲೈ ಮುಗಿಯುವ ತನಕ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಬೆಳಿಗ್ಗೆ ಅಂತೂ ಕೇಳಬೇಡಿ, ಓರೆಯಾಗಿ ಅದೇ ಕಿಟಕಿಯಿಂದ ಒಳಗೆ ಬರುತ್ತಾನೆ. ಆಗ ಸರ್ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟುತ್ತಾರೆ. ಅದನ್ನು ಹೊಲಿದು ಕೊಟ್ಟವಳು ನಾನೇ. ಅದರ ಮಜೂರಿ ಬೇರೆ ತಗೊಂಡೆ.

“ಚಿತ್ರ ಕಲಿಯೋಕೆ ಮನುಷ್ಯರೇ ಯಾಕೆ ಬೇಕು, ಫೋಟೋ ನೋಡಿ ತೆಗೆಯಲಿ” ಅನ್ನುವ ಜಾಣರೂ ಇದ್ದಾರೆ. ಎಸ್.ಎಂ. ಪಂಡಿತರು 1916ರಲ್ಲಿ ನಮ್ಮೂರಲ್ಲೇ ಹುಟ್ಟಿದವರು. ಮುಂಬೈಯಲ್ಲಿ ಸಿನಿಮಾ ಚಿತ್ರ ಬರೆದು, ಕ್ಯಾಲೆಂಡರಿನ ದೇವರುಗಳನ್ನು ಬರೆದು ದೇಶಕ್ಕೆಲ್ಲ ಗೊತ್ತಾದರು. ಇಲ್ಲಿನ ರಂಗಮಂದಿರಕ್ಕೆ ಅವರದೇ ಹೆಸರು. ಅವರ ದೇವರುಗಳ ಭುಜ, ತೋಳು ನೋಡಿ. ನಿಜವಾದ ಮನುಷ್ಯನ ಮೈ ನೋಡಿ ಪಳಗಿದ ಕೈ ಅದು. ಫೋಟೋದಲ್ಲಿ ನೆರಳಿನ ಜಾಗ ಬರೀ ಕಪ್ಪಾಗುತ್ತದೆ. ಎದುರಿಗೆ ಕೂತವಳ ನೆರಳಿನಲ್ಲಿ ಕಿವಿಯ ಹಿಂದಿನ ಬೆಳಕು ಕೂಡ ಕಾಣುತ್ತದೆ.

ಒಂದು ತಕರಾರು ನನಗೂ ಇದೆ. ನಮ್ಮ ಕಡೆ ಮಾಡೆಲ್ ಅಂದರೆ ಎರಡೇ ಥರ. ರುಮಾಲು ಸುತ್ತಿದ ಮುದುಕ, ಇಲ್ಲ ಕನ್ನಡಿ ಬಟ್ಟೆಯ ಲಂಬಾಣಿ ಹೆಂಗಸು. ಯಾವ ಪ್ರದರ್ಶನಕ್ಕೆ ಹೋದರೂ ಗೋಡೆ ತುಂಬ ಇವರೇ. ಸುಕ್ಕು, ರುಮಾಲಿನ ಮಡಿಕೆ, ಕನ್ನಡಿಯ ಹೊಳಪು ಚಿತ್ರಕ್ಕೆ ಚಂದ, ಒಪ್ಪುತ್ತೇನೆ. ಆದರೆ ಆ ಮುದುಕ ಮನೆಯಲ್ಲಿ ಮೊಬೈಲ್ ನೋಡುತ್ತಾ ಬನಿಯನ್ನಲ್ಲಿ ಕೂತಿರುತ್ತಾನೆ. ಅವನನ್ನು ಹಾಗೆ ಯಾಕೆ ತೆಗೆಯಬಾರದು? ನನಗೂ ಶುರುವಿನಲ್ಲಿ “ದೊಡ್ಡ ಕುಂಕುಮ ಹಚ್ಚಿ, ತಲೆ ಮೇಲೆ ಸೆರಗು ಹೊದ್ದು ಬರ್ರಿ” ಅಂದಿದ್ದರು. ಹಳ್ಳಿ ಹೆಂಗಸಿನ ಹಾಗೆ ಕಾಣಬೇಕಂತೆ. ನಾನು ಹುಟ್ಟಿ ಬೆಳೆದದ್ದು ಕಲಬುರಗಿ ಪೇಟೆಯ ನಡುವೆ, ಸೂಪರ್ ಮಾರ್ಕೆಟ್ ಹತ್ತಿರ.

ಹೋದ ಸಲ ನಾನೇ ಕೇಳಿದೆ. “ಸರ್, ನನ್ನ ಹೊಲಿಗೆ ಮಷೀನು ತಂದು ಅದರ ಮುಂದ ಕೂಡ್ಲೇನ್ರೀ?” ಅವರಿಗೂ ಹಿಡಿಸಿತು. ಆಟೋದಲ್ಲಿ ಹಾಕಿಕೊಂಡು ಹೋದೆ. ಪೆಡಲಿನ ಮೇಲೆ ಕಾಲಿಟ್ಟರೆ ಅದು ಅಲ್ಲಾಡುತ್ತದೆ, ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದೆವು. ನಾಲ್ಕು ಬೆಳಗು ಒಂದೇ ಪೋಸು. ಕೈ ಮಷೀನಿನ ಮೇಲೆ ಇದ್ದದ್ದರಿಂದ ಭುಜಕ್ಕೆ ನೋವಿಲ್ಲ, ನನಗೆ ಇಷ್ಟು ಹಗುರಾದ ಪೋಸು ಹಿಂದೆ ಸಿಕ್ಕಿರಲಿಲ್ಲ. ಒಬ್ಬ ಹುಡುಗ ಮಷೀನಿನ ಚಕ್ರ, ಸೂಜಿ, ದಾರದ ಉರುಳೆ ಎಲ್ಲ ಅಚ್ಚುಕಟ್ಟಾಗಿ ತೆಗೆದು, ನನ್ನನ್ನು ಅರ್ಧಕ್ಕೆ ಬಿಟ್ಟಿದ್ದ. ಕೇಳಿದರೆ, “ಅಕ್ಕಾ, ಟೈಮ್ ಸಾಲಲಿಲ್ಲ” ಅಂದ. ಈ ಸಲವೂ ಪಾದ ಬಂದಿರಲಿಲ್ಲ, ಇಟ್ಟಿಗೆ ಮಾತ್ರ ಬಂದಿತ್ತು.