ಎಪ್ಪತ್ತರ ಗಂಟಲು, ಹದಿನಾಲ್ಕರ ಕಾಲು

1996ರ ಸ್ಕೂಲ್ ಡೇ. ಒಂಬತ್ತನೇ ಕ್ಲಾಸಿನ ನಾಟಕದಲ್ಲಿ ನಾನು ಅಜ್ಜಿ. ಹಿಂದಿನ ವರ್ಷವಷ್ಟೇ 'ಪುಟ್ನಂಜ' ಬಂದಿತ್ತು. ಉಮಾಶ್ರೀಯ ಪುಟ್ಮಲ್ಲಿ ಅಜ್ಜಿಯನ್ನು ನೋಡಿ ಬಂದ ಮೇಲೆ ಹಾಸನದ ನಮ್ಮ ಬೀದಿಯಲ್ಲಿ ಅರ್ಧ ಜನ ಅದೇ ಧಾಟಿಯಲ್ಲಿ ಮಾತಾಡುತ್ತಿದ್ದರು. ನನಗಂತೂ ಹೆಮ್ಮೆ ಇನ್ನೂ ಜಾಸ್ತಿ. ಆಕೆ ಹುಟ್ಟಿದ್ದು ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ನಮ್ಮಜ್ಜಿ ಮನೆ ಪಕ್ಕದ ಅರಸೀಕೆರೆ. 'ನಮ್ಮ ಕಡೆಯವರು ಕಣೇ' ಎಂದು ಕ್ಲಾಸಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಜಿಲ್ಲೆ ಬೇರೆ ಎಂದು ಯಾರೂ ತಕರಾರು ತೆಗೆಯಲಿಲ್ಲ.

ಅಜ್ಜಿಯ ಹಳೇ ಸೀರೆ, ಸೊಂಟಕ್ಕೆ ಎಲೆಅಡಿಕೆ ಚೀಲ, ತಲೆಗೆ ಅರ್ಧ ಡಬ್ಬಿ ಪೌಡರ್. ಗಂಟಲು ಒಡಕು ಮಾಡಿಕೊಂಡು ಬೈಯಲು ಶುರು ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಆ ನಗು ಕೇಳಿ ತಲೆ ತಿರುಗಿತೇನೋ, ನನ್ನ ಪಾಳಿ ಮುಗಿದದ್ದೇ ತಡ, ಬೆನ್ನು ನೆಟ್ಟಗೆ ಮಾಡಿಕೊಂಡು, ಸೀರೆ ಎತ್ತಿಕೊಂಡು ಒಂದೇ ಓಟ. ಎಲ್ಲಕ್ಕಿಂತ ದೊಡ್ಡ ನಗು ಬಂದದ್ದು ಆಗ.

ಮಾರನೇ ದಿನ ಕನ್ನಡ ಮೇಷ್ಟ್ರು ಸ್ಟಾಫ್ ರೂಮಿಗೆ ಕರೆದರು. "ಏನಮ್ಮಾ, ಗಂಟಲು ಎಪ್ಪತ್ತರದು, ಕಾಲು ಹದಿನಾಲ್ಕರದು. ಆ ಯಮ್ಮ ಹಂಗೆ ಮಾಡ್ತಾರಾ?" ಎಂದರು. ಪುಟ್ಮಲ್ಲಿ ಮಾಡುವಾಗ ಉಮಾಶ್ರೀಗೆ ಇನ್ನೂ ಮೂವತ್ತೆಂಟು. ಮೊಮ್ಮಗನಾದ ರವಿಚಂದ್ರನ್ ಆಕೆಗಿಂತ ನಾಲ್ಕೇ ವರ್ಷ ಚಿಕ್ಕವರು! ಥಿಯೇಟರಿನಲ್ಲಿ ಒಬ್ಬರಿಗಾದರೂ ಇದು ಹೊಳೆಯಿತೇ?

ಆಗ ನಮ್ಮ ಮನೆಯ ದೊಡ್ಡವರಿಗೆ ಆಕೆ ಎಂದರೆ ಅಷ್ಟಕ್ಕಷ್ಟೇ. 1984ರ 'ಅನುಭವ'ದಿಂದ ಆಮೇಲೆ ಸಿಕ್ಕಿದ್ದೆಲ್ಲ ಹೆಚ್ಚಾಗಿ ಎರಡರ್ಥದ ತಮಾಷೆ ಪಾತ್ರಗಳೇ ಅಲ್ವಾ. ಮೇಷ್ಟ್ರು ಮಾತ್ರ ಆಕೆಯನ್ನು ನಾಟಕದಲ್ಲಿ ನೋಡಿದ್ದರು. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನಾಗಿ. "ಕಳೆದುಹೋದ ಹುಂಜ ಹುಡುಕ್ತಾ ಬೈಕೊಂಡು ಓಡಾಡ್ತಾಳೆ. ನಾವು ನಗ್ತೀವಿ. ನಗ್ತಾ ನಗ್ತಾನೇ ಆ ಮನೇಲಿ ಎಷ್ಟು ಹಸಿವಿದೆ ಅಂತ ಗೊತ್ತಾಗುತ್ತೆ" ಎಂದರು. ಆಮೇಲೆ ಸೀಮೆಸುಣ್ಣದ ಕೈಯನ್ನು ಮೇಜಿಗೆ ಊರಿ ಎದ್ದು, ಎರಡು ಹೆಜ್ಜೆ ನಡೆದು ತೋರಿಸಿದರು. ಯಾರೋ ಕೂಗಿದಂತೆ ತಿರುಗಿದರು. ಕತ್ತು ತಿರುಗಲಿಲ್ಲ, ಇಡೀ ಮೈ ತಿರುಗಿತು. ನಮ್ಮಜ್ಜಿ ತಿರುಗುವುದು ಥೇಟ್ ಹಾಗೇ. ದಿನಾ ನೋಡುತ್ತಿದ್ದೆ, ಕಂಡಿರಲಿಲ್ಲ.

ಮುಂದೆ 'ಗುಲಾಬಿ ಟಾಕೀಸ್' ಬಂತು. ಗಿರೀಶ ಕಾಸರವಳ್ಳಿಯವರ ಸಿನಿಮಾ, ವೈದೇಹಿಯವರ ಕಥೆ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ ಆಕೆಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಮುಖ ಸಿಂಡರಿಸುತ್ತಿದ್ದ ನಮ್ಮ ದೊಡ್ಡಪ್ಪ ಅವತ್ತು ಪೇಪರ್ ಹಿಡಿದುಕೊಂಡು "ನಾನು ಆಗಲೇ ಹೇಳಿದ್ದೆ" ಎಂದರು. ಸುಮ್ನೆ ಕೇಳಿಸಿಕೊಂಡೆ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯೂ ಆದರು. ನನಗೆ ಅದಕ್ಕಿಂತ ಇಷ್ಟವಾದದ್ದು 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕ. ನಮ್ಮಮ್ಮ ಸಾರಿಗೆ ಒಗ್ಗರಣೆ ಹಾಕುವುದನ್ನೂ ಬಿಟ್ಟು ಟಿವಿ ಮುಂದೆ ನಿಂತಿರುತ್ತಿದ್ದರು. ನಾನು ಮಾತು ಕೇಳುತ್ತಿದ್ದದ್ದು ಕಡಿಮೆ, ಆಕೆ ನಡೆಯುವುದನ್ನೇ ನೋಡುತ್ತಿದ್ದೆ.

ಹಾಸನಾಂಬೆ ದರ್ಶನದ ಕ್ಯೂನಲ್ಲಿ ಒಂದು ಸಲ ಮೇಷ್ಟ್ರು ಸಿಕ್ಕಿದರು. ರಿಟೈರಾಗಿ ಎಷ್ಟೋ ವರ್ಷ ಆಗಿತ್ತು. ಹೆಸರು ಮರೆತಿದ್ದರು, ನಾಟಕ ಮರೆತಿರಲಿಲ್ಲ.

"ಏನಮ್ಮಾ, ಕಾಲು ಈಗ ಹೇಗಿದೆ?"

"ಈಗ ಪಾತ್ರಕ್ಕೆ ಸರಿಯಾಗಿದೆ ಸಾರ್," ಎಂದೆ. "ಮಂಡಿ ನೋವು."